ಜೀಪಿನ ಪರಕಾಯಪ್ರವೇಶ

ವ್ಯಾಕರಣ ಕಾವ್ಯಗಳನ್ನು ಓದಿ, ಮೂರು ದಶಕಗಳಿಗೂ ಮೀರಿ ಮಕ್ಕಳಿಗೆ ಶಬ್ದರೂಪಗಳನ್ನು ಒಪ್ಪಿಸುವುದನ್ನು ಕಲಿಸಿ ನಿವೃತ್ತನಾದ ನನ್ನಂಥವನು ಎಂಜಿನು, ಗೇರು, ಷಾಫ್ಟುಗಳ ವಿಷಯವಾಗಿ ಲೇಖನಿ ಹಿಡಿಯುವುದು ಅನಧಿಕಾರ ಚೇಷ್ಟೆಯೆಂದು ವಾಚಕರಿಗೆ ತೋರಬಹುದು. ನನಗೂ ಹಾಗೆಯೇ ತೋರುತ್ತದೆ. ಆದರೆ ನಮ್ಮ ಮನೆಯ ಜೀಪಿನ ಒಡಲಿನಿಂದ ಹುಟ್ಟು ಎಂಜಿನನ್ನು ಕಿತ್ತು ಅಲ್ಲಿ ಬೇರೆಯದನ್ನು ಕೂರಿಸಿದ ವ್ಯವಹಾರದಲ್ಲಿ ನಾನು ಬರಿಯ ಸಾಕ್ಷಿಯಾಗಿರಲಿಲ್ಲ. ಒಂದು ಬಗೆಯಲ್ಲಿ ಕರ್ತೃವೇ ಆಗಿದ್ದೆನು. ಅದರ ಪುಣ್ಯಪಾಪಗಳಲ್ಲಿ ಪಾಲುಳ್ಳವನು ಅದನ್ನು ಹೇಳುವುದಕ್ಕೂ ಹಕ್ಕುಳ್ಳವನೆಂದು ಭಾವಿಸಿ ಬರೆಯುತ್ತಿದ್ದೇನೆ.

ಗುತ್ತಲು ಈಗ ಮಂಡ್ಯ ನಗರದೊಳಗೆ ಸೇರಿಹೋಗಿದೆ. ಅರ್ಕೇಶ್ವರನ ಗುಡಿಯ ಸುತ್ತಲೂ ಮನೆಗಳೆದ್ದು, ಹಿಂದೆ ಊರು ಮುಗಿದು ಗದ್ದೆ ಮೊದಲಾಗುತ್ತಿದ್ದ ಎಡೆಯನ್ನು ಗುರುತಿಸಿ ತೋರಿಸುವುದು ಕಷ್ಟ. ನಾನು ಹುಡುಗನಾಗಿದ್ದಾಗ ಹಾಗಿರಲಿಲ್ಲ. ಕನ್ನಂಬಾಡಿಯ ಕಟ್ಟೆಯಿಂದ ನಾಲೆಯ ನೀರು ಹರಿದು, 1933ರಲ್ಲಿ ಸಕ್ಕರೆಯ ಕಂಪೆನಿ ಹುಟ್ಟಿದ ಮೇಲೆ ನಮ್ಮ ಸೀಮೆಯ ನೆಲವೆಲ್ಲ ಕಬ್ಬಾಯಿತಷ್ಟೆ. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಹೋಗುತ್ತಿತ್ತು. ನಮ್ಮದೂ ಒಂದು ಆಲೆಮನೆ ಊರಿಂದ ಮೂರು ಮೈಲಿಯ ಆಚೆ, ನಾಲೆಯ ಏರಿಯ ಕೆಳಗಿತ್ತು. ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ದಾರಿಯ ಕೆಸರು ಎತ್ತಿನ ಗಾಡಿಯ ಗುಂಬದವರೆಗೆ ಬರುತ್ತಿತ್ತು. ಆದುದರಿಂದಲೇ ನನ್ನ ಅಣ್ಣನು 1974ರಲ್ಲಿ ಸರ್ಕಾರದ ಯಾವುದೋ ಇಲಾಖೆಯ ಹರಾಜಿನಲ್ಲಿ ಒಂದು ಹಳೆಯ ಜೀಪನ್ನು ಹಿಡಿದನು. ನಾಲ್ಕು ಚಕ್ರಗಳಿಗೂ ಎಂಜಿನಿನ ಶಕ್ತಿ ಹಾಯುವ ಗಾಡಿ ಅದೊಂದೇ ಆಗ ನಮ್ಮ ಕೈಗೆ ಎಟುಕುವಂತಿದ್ದುದು.

ಅಮೆರಿಕದ ವಿಲಿಸ್ ಕಂಪೆನಿಯ ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿ ಮುಂಬಯಿಯಲ್ಲಿ ಜೋಡಿಸುವ ಕೆಲಸವನ್ನು ಮಹೀಂದ್ರ ಕಂಪೆನಿಯವರು 1947ರಿಂದ ಈಚೆಗೆ ಆರಂಭಿಸಿದರು. ಕಾಲಕ್ರಮದಲ್ಲಿ ಇಲ್ಲಿಯೇ ತಯಾರಿಸತೊಡಗಿದರು. ನಮ್ಮದು ಆ ಸಂತತಿಯ ಸಿ.ಜೆ.3ಬಿ ಎಂಬ ಜಾತಿ. ಊರಿನವರ ಬಾಯಲ್ಲಿ ‘ಹೈ ಬಾನೆಟ್ ಜೀಪು’. ಅದರ ಮುಂಭಾಗದ ಮುಚ್ಚಳವು ಹಿಂದಿನ ಜೀಪುಗಳದಕ್ಕಿಂತ ಎತ್ತರ. ಒಳಗಿದ್ದುದು ಹರಿಕೇನ್ ಎಂಬ ಪೆಟ್ರೋಲ್ ಎಂಜಿನು. ಹಿಂಬಾಗಿಲನ್ನು ಎತ್ತಿ ಎರಡು ಬದಿಗೂ ಸರಪಳಿಯ ಕೊಕ್ಕೆ ಹಾಕಬೇಕು. ಬಲಗಡೆಯ ಕೊಕ್ಕೆ ಹರಾಜಿನಲ್ಲಿ ಬರುವಾಗಲೇ ಮುರಿದಿತ್ತು. ಅಣ್ಣನು ಅದಕ್ಕೆ ಹಸುವಿನ ಕೊರಳ ಸರಪಳಿಯೊಂದನ್ನು ಕಟ್ಟಿ ಸುಮ್ಮನಾದನು.

ಅಣ್ಣನು ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ನನ್ನನ್ನು ಮೇಲುಕೋಟೆಯ ಪಾಠಶಾಲೆಗೆ ಸೇರಿಸಲು ಕರೆದೊಯ್ದುದು ಆ ಜೀಪಿನಲ್ಲಿಯೇ. ಬೆಟ್ಟ ಹತ್ತುವಾಗ ಅವನು ಗೇರು ಬದಲಿಸುವುದನ್ನು ನಾನು ನೋಡುತ್ತಿದ್ದೆನು. ಮೊದಲನೆಯ ಗೇರಿಗೆ ಇಳಿಯಬೇಕಾದರೆ ಕ್ಲಚ್ಚನ್ನು ಎರಡು ಸಲ ಒತ್ತಿ ನಡುವೆ ಎಂಜಿನಿಗೆ ಒಂದಿಷ್ಟು ವೇಗ ಕೊಡಬೇಕು, ಇಲ್ಲದಿದ್ದರೆ ಹಲ್ಲುಗಳು ಕಿರಿಚುತ್ತವೆ. ಆ ತಾಳವನ್ನು ಅವನು ಬಲ್ಲವನಾಗಿದ್ದನು. ನಾನು ಆ ಹೊತ್ತಿಗೆ ಕಲಿತಿದ್ದ ಛಂದಸ್ಸಿಗಿಂತ ಅವನ ಕಾಲಿನ ಲಯವೇ ನಿರ್ದೋಷವಾಗಿತ್ತೆಂದು ಈಗ ಹೇಳಬಲ್ಲೆ.

ಇನ್ನು ಆ ರಾತ್ರಿಯ ಮಾತು. ಅದು 1982ರ ಮಳೆಗಾಲ. ನಾನು ರಜೆಗೆ ಮನೆಗೆ ಬಂದಿದ್ದೆನು. ಆಲೆಮನೆಯಲ್ಲಿ ದುಡಿಯುತ್ತಿದ್ದ ಆಳೊಬ್ಬನ ಹೆಂಡತಿಗೆ ನಡುರಾತ್ರಿಯಲ್ಲಿ ನೋವು ಕಾಣಿಸಿಕೊಂಡಿತು. ಅಣ್ಣನೂ ನಾನೂ ಜೀಪನ್ನು ಹೊಡೆದುಕೊಂಡು ಹೋಗಿ ಅವಳನ್ನು ಹಿಂದೆ ಮಲಗಿಸಿಕೊಂಡು ಹೊರಟೆವು. ನಾಲೆಯ ತೂಬಿನ ಬಳಿ ದಾರಿಯ ಮೇಲೆಯೇ ನೀರು ಹರಿಯುತ್ತಿತ್ತು. ಚಕ್ರಗಳೇನೋ ಜಾರಲಿಲ್ಲ. ನಡುನೀರಿನಲ್ಲಿ ಎಂಜಿನು ಎರಡು ಸಲ ಕೆಮ್ಮಿ ನಿಂತಿತು. ಪೆಟ್ರೋಲ್ ಎಂಜಿನಿಗೆ ಕಿಡಿಯೇ ಪ್ರಾಣ; ಆ ಕಿಡಿಯನ್ನು ನಾಲ್ಕು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರೊಳಗೆ ತೇವ ಸೇರಿದರೆ ಕಿಡಿ ಅಡ್ಡದಾರಿ ಹಿಡಿಯುತ್ತದೆ. ಅಣ್ಣನು ತೊಡೆಯವರೆಗಿನ ನೀರಿನಲ್ಲಿ ನಿಂತು, ನಾನು ಹಿಡಿದ ಬ್ಯಾಟರಿ ದೀಪದ ಬೆಳಕಿನಲ್ಲಿ, ಮುಚ್ಚಳ ಬಿಚ್ಚಿ ತನ್ನ ಅಂಗಿಯ ಒಳಗಿನ ಒಣ ಬನಿಯನ್ನಿನಿಂದ ಒರಸಿದನು. ಮುಚ್ಚಿದರೆ ಮತ್ತೆ ತೇವ. ಹಾಗೆ ನಾಲ್ಕು ಸಲ. ಮುಕ್ಕಾಲು ಗಂಟೆ ಕಳೆಯಿತು. ಮಂಡ್ಯದ ಆಸ್ಪತ್ರೆಯಲ್ಲಿ ತಾಯಿ ಉಳಿದಳು, ಮಗು ಉಳಿಯಲಿಲ್ಲ. ಬೇಗ ಬಂದಿದ್ದರೆ ಉಳಿಯುತ್ತಿತ್ತೆಂದು ಯಾರೂ ಹೇಳಲಿಲ್ಲ. ಅಣ್ಣನು ಕೇಳಲೂ ಇಲ್ಲ. ಹಿಂದಿರುಗುವಾಗ ಬೆಳಗಾಗಿತ್ತು. “ಕಿಡಿ ಬೇಡದ ಎಂಜಿನ್ ಹಾಕಿಸಬೇಕು ಕಣೋ ಇದಕ್ಕೆ,” ಎಂದನು. ಆಮೇಲೆ, “ಇದನ್ನ ಮನೇಲಿ ಹೇಳಬೇಡ,” ಎಂದನು. ನಾನು ಹೇಳಲಿಲ್ಲ.

ಹಾಕಿಸುವ ಕಾಲ ಅವನಿಗೆ ಕೂಡಿಬರಲಿಲ್ಲ. ಒಂದು ವರ್ಷ ಬೆಲ್ಲಕ್ಕೆ ಬೆಲೆಯಿಲ್ಲ, ಇನ್ನೊಂದು ವರ್ಷ ನಾಲೆಗೆ ನೀರಿಲ್ಲ. 1993ರಲ್ಲಿ ಅಣ್ಣನು ತೀರಿಕೊಂಡನು.

ಮಾರನೆಯ ವರ್ಷ ಅವನ ಮಗನು ಮಾತೆತ್ತಿದನು. ಹುಡುಗನಿಗೆ ಆಗ ಇಪ್ಪತ್ತೆರಡು. “ಚಿಕ್ಕಪ್ಪ, ಪೆಟ್ರೋಲಿಗೆ ಹಾಕಿ ಪೂರೈಸೋಕಾಗಲ್ಲ. ಒಂದೋ ಗಾಡಿ ಗುಜರಿಗೆ ಹೋಗಬೇಕು, ಇಲ್ಲ ಡೀಸೆಲ್ ಎಂಜಿನ್ ಕೂರಬೇಕು,” ಎಂದನು. ಅವನ ಲೆಕ್ಕ ಸರಿಯಾಗಿತ್ತು. ಆಗ ಡೀಸೆಲಿನ ಬೆಲೆ ಪೆಟ್ರೋಲಿನ ಸುಮಾರು ಅರ್ಧ. ಊರೂರಿನಲ್ಲಿ ಜೀಪುಗಳೂ ಅಂಬಾಸಿಡರುಗಳೂ ಒಡಲು ಬದಲಿಸದೆ ಜೀವ ಬದಲಿಸುತ್ತಿದ್ದ ಕಾಲವದು. (ಆ ಬೆಲೆಯ ಅಂತರವು ಮುಂದೆ ಬಹುಮಟ್ಟಿಗೆ ಕರಗಿಹೋಯಿತು, 2014ರಲ್ಲಿ ಡೀಸೆಲಿನ ಬೆಲೆಯ ಮೇಲಣ ಹತೋಟಿಯೂ ಹೋಯಿತು. ನಮಗೇನು ಗೊತ್ತು?)

ಒಪ್ಪದವರು ಅತ್ತಿಗೆ. ಜೀಪು ಅಣ್ಣನ ಹೆಸರಿನಲ್ಲಿತ್ತು. ಅವರ ರುಜುವಿಲ್ಲದೆ ಏನೂ ನಡೆಯುವಂತಿರಲಿಲ್ಲ. ಅವರು ಕೋಪಿಸಿಕೊಳ್ಳಲಿಲ್ಲ. ಹತ್ತೊಂಬತ್ತು ವರ್ಷ ಸಂಜೆಯ ಹೊತ್ತು ಗುಡಿಯ ತಿರುವಿನಲ್ಲಿ ಆ ಜೀಪಿನ ಸದ್ದು ಕೇಳಿದ ಮೇಲೆ ಒಲೆಯ ಮೇಲೆ ಎಸರಿಟ್ಟವರು ಅವರು. “ಮಾರಿದರೆ ಮಾರಿಬಿಡಿ, ಕಣ್ಣಿಗೆ ಕಾಣಿಸದಿದ್ದರೆ ಮರೀತೀನಿ. ಅವರ ಗಾಡೀನೇ ಬಂದು ನಿಂತು, ಸದ್ದು ಮಾತ್ರ ಬೇರೆಯವರದಾದರೆ ನನಗೆ ಆಗಲ್ಲಪ್ಪ,” ಎಂದರು.

ನಾನು ಪಾಠಶಾಲೆಯಲ್ಲಿ ಓದಿದವನಷ್ಟೆ, ದೃಷ್ಟಾಂತಗಳಿಗೇನು ಕೊರತೆ! ಹಳೆಯ ಬಟ್ಟೆಯನ್ನು ಬಿಟ್ಟು ಹೊಸದನ್ನು ಉಡುವಂತೆ ದೇಹಿಯು ದೇಹವನ್ನು ಬದಲಿಸುವನೆಂಬ ಗೀತೆಯ ಮಾತನ್ನು ಎತ್ತಿದೆನು. ಅತ್ತಿಗೆ, “ಇಲ್ಲಿ ಬಟ್ಟೆ ಹಾಗೇ ಇದೆ, ಉಟ್ಟವರೇ ಬದಲಾಗ್ತಾರಲ್ಲ?” ಎಂದರು. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕರೆಂಬ ಕಥೆಯನ್ನು ಹೇಳಿದೆನು. “ರಾಣಿಯರಿಗೆ ಗೊತ್ತಾಗಿಹೋಯಿತಂತಲ್ಲ,” ಎಂದರು. ಶಾಸ್ತ್ರಾರ್ಥದಲ್ಲಿ ನಾನು ಅಷ್ಟು ಬೇಗನೆ ನಿಗ್ರಹಸ್ಥಾನಕ್ಕೆ ಬಂದುದು ಅದೊಂದೇ ಸಲ.

ಕೊನೆಗೆ ಆ ರಾತ್ರಿಯ ಸಂಗತಿಯನ್ನು ಹೇಳಿದೆನು. ಹೇಳಬೇಡವೆಂದು ಅಣ್ಣನು ಆಡಿದ್ದ ಮಾತನ್ನು ಮುರಿದೆನು. ಮಗು ಉಳಿಯಲಿಲ್ಲವೆಂಬುದು ಅವರಿಗೆ ತಿಳಿದಿತ್ತು. ನೀರಿನಲ್ಲಿ ನಿಂತ ಮುಕ್ಕಾಲು ಗಂಟೆ ತಿಳಿದಿರಲಿಲ್ಲ. ಅವರು ಬಹಳ ಹೊತ್ತು ಮಾತನಾಡಲಿಲ್ಲ. “ಹನ್ನೊಂದು ವರ್ಷ ಒಬ್ಬರೇ ಇಟ್ಟುಕೊಂಡಿದ್ದರಾ?” ಎಂದು ಕೇಳಿದರು. ಮರುದಿನ ಕಾಗದಕ್ಕೆ ರುಜು ಹಾಕಿದರು. ನಾನು ಮಾಡಿದುದು ಸರಿಯೋ ತಪ್ಪೋ, ಇಂದಿಗೂ ನನಗೆ ತೀರ್ಮಾನವಾಗಿಲ್ಲ.

ದಾನಿಯಾಗಿ ಒದಗಿದುದು ಮಹೀಂದ್ರರವರದೇ ಇನ್ನೊಂದು ಜೀಪು, ಎಂ.ಎಂ.540. ಎಲ್ಲಿಯೋ ಮಗುಚಿಬಿದ್ದು ಒಡಲು ನುಗ್ಗಾಗಿದ್ದರೂ ಎಂಜಿನಿಗೆ ಪೆಟ್ಟಾಗಿರಲಿಲ್ಲ. ಆ ಎಂಜಿನು ಫ್ರಾನ್ಸಿನ ಪೀಜೋ ಕಂಪೆನಿಯ ರಚನೆ; 1979ರಲ್ಲಿ ಮಹೀಂದ್ರರವರು ಅದನ್ನು ಇಲ್ಲಿ ತಯಾರಿಸಲು ಪರವಾನಗಿ ಪಡೆದಿದ್ದರು. ಎಕ್ಸ್.ಡಿ.ಪಿ. 4.90 ಎಂದು ಅದರ ನಾಮಧೇಯ. ನಾಲ್ಕು ಸಿಲಿಂಡರು, ಒಂದೊಂದರ ಬಾಯಿ 90 ಮಿಲಿಮೀಟರು ಎಂದು ಅರ್ಥವಂತೆ. ಅನ್ವರ್ಥನಾಮ ಕಂಡರೆ ನನಗೆ ಸಂತೋಷ. ಹೊಟ್ಟೆಯ ಅಳತೆಯಲ್ಲಿ ಹಳೆಯದಕ್ಕೂ ಹೊಸದಕ್ಕೂ ಹೆಚ್ಚು ಭೇದವಿಲ್ಲ. ಹಳೆಯದು ಸುಮಾರು 2200 ಘನ ಸೆಂಟಿಮೀಟರು, ಹೊಸದು 2112. ಆಕಾರ ಮಾತ್ರ ಬೇರೆ. ಹರಿಕೇನಿನ ಸಿಲಿಂಡರು ಕಿರಿದಾಗಿ ಆಳವಾದುದು, ಪೀಜೋ ಎಂಜಿನಿನದು ಅಗಲವಾಗಿ ಮೋಟಾದುದು. ಹಳೆಯದು ಪೆಟ್ರೋಲಿನ ಆವಿಯನ್ನೂ ಗಾಳಿಯನ್ನೂ ಬೆರೆಸಿ ಏಳು ಪಟ್ಟಿನಷ್ಟು ಒತ್ತಿ ಕಿಡಿ ಹೊತ್ತಿಸುತ್ತದೆ. ಹೊಸದು ಬರಿಯ ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಮೀರಿ ಒತ್ತುತ್ತದೆ. ಹಾಗೆ ಒತ್ತಿದ ಗಾಳಿ ತಾನಾಗಿಯೇ ಕೆಂಡದಂತೆ ಕಾಯುತ್ತದೆ. ಅದರೊಳಗೆ ಎಣ್ಣೆಯನ್ನು ಚಿಮ್ಮಿಸಿದರೆ ಕಿಡಿಯಿಲ್ಲದೆಯೇ ಉರಿಯುತ್ತದೆ. ಡೀಸೆಲ್ ಎಂಬ ಜರ್ಮನ್ ಪಂಡಿತನು 1890ರ ದಶಕದಲ್ಲಿ ಕಂಡುಹಿಡಿದ ತತ್ತ್ವವಿದು. ಅಣ್ಣನು ಕೇಳಿದ್ದು ಇದನ್ನೇ.

ಮೊದಲನೆಯ ಪ್ರಯತ್ನ ಕೆಟ್ಟಿತು. ನಾವು ನಂಬಿದ ಕಾರ್ಖಾನೆಯವರು, ಎಂಜಿನನ್ನು ಮಾತ್ರ ಬದಲಿಸಿದರೆ ಸಾಕು, ಹಳೆಯ ಗೇರ್ ಬಾಕ್ಸು ಹಾಗೆಯೇ ಇರಲಿ, ಎರಡರ ನಡುವೆ ಒಂದು ಉಕ್ಕಿನ ತಟ್ಟೆಯನ್ನು ಕಡೆದು ಕೂರಿಸುತ್ತೇವೆ ಎಂದರು. ಅಗ್ಗವೆಂದು ಒಪ್ಪಿದೆವು. ಎಂಜಿನಿನ ತಿರುಗುವ ದಂಡದ ನಡುವೂ ಗೇರ್ ಬಾಕ್ಸಿನೊಳಕ್ಕೆ ಹೋಗುವ ದಂಡದ ನಡುವೂ ಒಂದೇ ರೇಖೆಯಲ್ಲಿರಬೇಕು. ಕೂದಲೆಳೆಯಷ್ಟು ಸರಿದರೂ ಸುತ್ತು ಸುತ್ತಿಗೂ ಬೇರಿಂಗಿನ ಮೇಲೆ ಪೆಟ್ಟು. ಅವರು ಕಡೆದ ತಟ್ಟೆ ಸರಿದಿತ್ತು. ಎರಡು ತಿಂಗಳು ಕ್ಲಚ್ಚು ಒತ್ತಿದಾಗಲೆಲ್ಲ ಜೀರುಂಡೆಯ ಸದ್ದು ಬರುತ್ತಿತ್ತು. ಮೂರನೆಯ ತಿಂಗಳು, ಕೆರಗೋಡಿನ ಕಡೆಯಿಂದ ಬರುವಾಗ ಬೇರಿಂಗು ಪುಡಿಯಾಗಿ, ಅದರ ಉಕ್ಕಿನ ಚೂರುಗಳು ಗೇರಿನ ಹಲ್ಲುಗಳಿಗೆ ಸಿಕ್ಕಿ, ಇಡೀ ಪೆಟ್ಟಿಗೆಯೇ ಹಾಳಾಯಿತು. ಅತ್ತಿಗೆ ಒಂದು ಮಾತನ್ನೂ ಆಡಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ಆ ಮೇಲೆ ನಮ್ಮ ಬೀದಿಗೆ ಹತ್ತಿರದಲ್ಲಿಯೇ ಇದ್ದ ಮೇಸ್ತ್ರಿ ಸಾಹೇಬರ ಬಳಿಗೆ ಹೋದೆವು. ವಯಸ್ಸಾದವರು, ಲಾರಿಗಳ ಕೆಲಸ ಮಾಡಿದವರು. ಅವರು ಮುರಿದ ಗೇರ್ ಬಾಕ್ಸನ್ನು ತಿರುಗಿಸಿ ನೋಡಿ, “ಮೇಷ್ಟ್ರೇ, ಹುಡುಗಿ ತಂದ್ಮೇಲೆ ಅವಳ ಪೆಟ್ಟಿಗೇನೂ ತರಬೇಕು. ನೀವು ಹುಡುಗೀನ ಮಾತ್ರ ತಂದ್ರಿ,” ಎಂದರು. ದಾನಿಯ ಜೀಪಿನಿಂದ ಎಂಜಿನು ಮಾತ್ರವಲ್ಲ, ಅದರ ಕ್ಲಚ್ಚು, ಗೇರ್ ಬಾಕ್ಸು, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿಯನ್ನು ಹಂಚುವ ಇನ್ನೊಂದು ಪೆಟ್ಟಿಗೆ, ಇವೆಲ್ಲ ಒಂದೇ ಕುಟುಂಬವಾಗಿ ಬರಬೇಕೆಂಬುದು ಅವರ ಮತ. ಅದೃಷ್ಟವಶಾತ್ ಅವೆಲ್ಲ ಇನ್ನೂ ಗುಜರಿಗೆ ಹೋಗಿರಲಿಲ್ಲ.

ಸಾಹೇಬರ ಕೆಲಸವನ್ನು ನಾನು ದಸರೆಯ ರಜೆಯಲ್ಲಿ ದಿನವೂ ಹೋಗಿ ಕುಳಿತು ನೋಡಿದೆನು. ಹುಣಿಸೆಯ ಕೊಂಬೆಗೆ ಚೈನ್ ಬ್ಲಾಕ್ ತೂಗುಹಾಕಿ ಎಂಜಿನನ್ನು ಇಳಿಸಿ, ಅದು ಕೂರಬೇಕಾದ ಎಡೆಯನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ ಮೂರು ದಿನ ಅಳೆದರು. ಒಂದು ಕಡೆಯೂ ಬೆಸುಗೆ ಹಾಕಲಿಲ್ಲ. ಮುಂದಕ್ಕೆ ತಂದರೆ ಫ್ಯಾನು ರೇಡಿಯೇಟರಿಗೆ ತಾಗುತ್ತದೆ. ಹಿಂದಕ್ಕೆ ಸರಿಸಿದರೆ ಚಾಲಕನ ಕಾಲಿಗೆ ಜಾಗವಿಲ್ಲ. ತಗ್ಗಿಸಿದರೆ ಎಣ್ಣೆಯ ತೊಟ್ಟಿ ಮುಂದಿನ ಅಚ್ಚಿನ ಮೇಲೆ ಕೂರುತ್ತದೆ. ಎಲ್ಲ ಕೂಡಿದ ಮೇಲೆ ಎಂಜಿನು ಗೇರ್ ಬಾಕ್ಸುಗಳ ಉದ್ದವು ಹಳೆಯದಕ್ಕಿಂತ ಹೆಚ್ಚಾಯಿತು. ಆದುದರಿಂದ ಹಿಂದಿನ ಚಕ್ರಗಳಿಗೆ ಹೋಗುವ ಷಾಫ್ಟನ್ನು ಕತ್ತರಿಸಿ ಗಿಡ್ಡಮಾಡಬೇಕು, ಮುಂದಿನದನ್ನು ಉದ್ದಮಾಡಬೇಕು. ಅಲ್ಲೊಂದು ಸೂಕ್ಷ್ಮವುಂಟು. ಷಾಫ್ಟಿನ ಎರಡು ತುದಿಗಳಲ್ಲಿಯೂ ಕತ್ತರಿಯಾಕಾರದ ಕೀಲುಗಳಿವೆ. ಕೀಲು ಓರೆಯಾಗಿ ತಿರುಗುವಾಗ ಒಂದೇ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿ ಎರಡು ಸಲ ತಗ್ಗುತ್ತದೆ. ಎರಡು ತುದಿಯ ಕವಲುಗಳೂ ಒಂದೇ ಸಮತಲದಲ್ಲಿದ್ದು, ಎರಡರ ಓರೆಯೂ ಸಮನಾಗಿದ್ದರೆ ಒಂದು ಕೀಲಿನ ಏರುಪೇರನ್ನು ಇನ್ನೊಂದು ಕಳೆಯುತ್ತದೆ. ಬೆಸುಗೆಯಲ್ಲಿ ತಪ್ಪಿದರೆ ಗಾಡಿಯೆಲ್ಲ ನಡುಗುತ್ತದೆ. ಸಾಹೇಬರು ಕತ್ತರಿಸುವ ಮೊದಲು ಷಾಫ್ಟಿನ ಮೈಮೇಲೆ ಸುಣ್ಣದಲ್ಲಿ ಒಂದು ನೇರ ಗೆರೆ ಎಳೆದರು. ಬೆಸೆದ ಮೇಲೆ ಆ ಗೆರೆ ಮುರಿಯದೆ ಕೂಡಿಕೊಂಡಿತು. ನನ್ನ ವಿದ್ಯಾರ್ಥಿಗಳಿಗೆ ಸಂಧಿಪ್ರಕರಣ ಹೇಳುವಾಗ ಆ ಗೆರೆ ಎಷ್ಟೋ ಸಲ ನೆನಪಿಗೆ ಬಂದುದುಂಟು.

ಹೊಸ ಎಂಜಿನಿನ ಭಾರಕ್ಕೆ ಮುಂದಿನ ಪಟ್ಟಿಗಳು ತಗ್ಗಿದುವು. ಒಂದೊಂದು ಎಲೆ ಹೆಚ್ಚು ಹಾಕಿಸಿದರು. ಚಳಿಗಾಲದ ಬೆಳಗ್ಗೆ ಹೀಟರ್ ಪ್ಲಗ್ಗು ಕಾಯುವವರೆಗೆ ಕೈಕಟ್ಟಿ ಕೂರಬೇಕು. ಇವನ್ನು ವಿಸ್ತರಿಸುವುದಿಲ್ಲ.

ಇನ್ನು ಸರ್ಕಾರದ ಕಾಗದ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ಇಂಥ ಬದಲಾವಣೆಗೆ ಸಂಬಂಧಪಟ್ಟುದು. 2000ದಲ್ಲಿ ತಿದ್ದಿದ ಮೇಲೆ ಅದು ಬಿಗಿಯಾಯಿತು. ತಯಾರಕರು ಮೊದಲು ಹೇಳಿದ ವಿವರಗಳಿಂದ ಗಾಡಿಯು ಬೇರೆಯಾಗಬಾರದೆಂಬುದನ್ನು 2019ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಈ ಲೇಖನವನ್ನು ಓದಿ ಯಾರಾದರೂ ಹುಣಿಸೆಯ ಮರಕ್ಕೆ ಚೈನ್ ಬ್ಲಾಕ್ ಕಟ್ಟಹೊರಟರೆ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ನಮ್ಮದು 1994, ಒಪ್ಪಿಗೆ ದೊರೆಯಿತು. ಅಲ್ಲಿಯ ಗುಮಾಸ್ತರೊಬ್ಬರನ್ನು ನಾನು ಕೇಳಿದೆನು: “ಎಂಜಿನು ಬೇರೆಯಾದ ಮೇಲೆ ಇದು ಅದೇ ಗಾಡಿ ಹೇಗಾಯಿತು?” ಅವರು ತಲೆಯೆತ್ತದೆ, “ಚಾಸಿ ನಂಬರು ಯಾವುದೋ ಅದೇ ಗಾಡಿ,” ಎಂದರು.

ಈ ಉತ್ತರವನ್ನು ಕೇಳಿ ನನಗೆ ಬೇತಾಳನ ನೆನಪಾಯಿತು. ಸೋಮದೇವನ ಕಥಾಸರಿತ್ಸಾಗರದಲ್ಲಿ, ಮದನಸುಂದರಿಯು ಕಡಿದುಬಿದ್ದಿದ್ದ ಗಂಡನ ತಲೆಯನ್ನು ಅಣ್ಣನ ಮುಂಡಕ್ಕೂ ಅಣ್ಣನದನ್ನು ಗಂಡನ ಮುಂಡಕ್ಕೂ ಅವಸರದಲ್ಲಿ ಜೋಡಿಸಿದಳಷ್ಟೆ. ಯಾವನು ಗಂಡ? ಅಂಗಗಳಲ್ಲಿ ತಲೆಯೇ ಪ್ರಧಾನ, ತಲೆಯಿದ್ದವನೇ ಗಂಡನೆಂದು ರಾಜನು ಹೇಳಿದನು. ನಮ್ಮ ಸಾರಿಗೆ ಇಲಾಖೆಯ ಮತ ಇದಕ್ಕೆ ತದ್ವಿರುದ್ಧ. ಅವರಿಗೆ ಮುಂಡವೇ ಪ್ರಮಾಣ. ನೈಯಾಯಿಕರಾದರೋ ಇಬ್ಬರನ್ನೂ ಒಪ್ಪುವುದಿಲ್ಲ. ಬಟ್ಟೆಯಿಂದ ಒಂದು ತುಂಡನ್ನು ಹರಿದರೂ ಹಳೆಯ ಪಟವು ನಾಶವಾಗಿ ಖಂಡಪಟವೆಂಬ ಹೊಸ ದ್ರವ್ಯವೇ ಹುಟ್ಟುತ್ತದೆಂಬುದು ಅವರ ಹಟ. ಬೌದ್ಧನಾದ ನಾಗಸೇನನು ಮಿಲಿಂದ ರಾಜನಿಗೆ, ಅಚ್ಚು ರಥವಲ್ಲ, ಚಕ್ರ ರಥವಲ್ಲ, ರಥವೆಂಬುದು ಬರಿಯ ಹೆಸರು ಎಂದನು. ನಾಗಸೇನನಿಗೆ ನಮ್ಮ ಅತ್ತಿಗೆಯಂಥವರೊಡನೆ ವಾದಿಸುವ ಪ್ರಸಂಗ ಬರಲಿಲ್ಲವೆಂದು ಕಾಣುತ್ತದೆ.

ನನಗೆ ಸಮಾಧಾನ ತಂದ ಒಂದು ಸಂಗತಿ ಬಹಳ ಕಾಲದ ಮೇಲೆ ತಿಳಿಯಿತು. ನಮ್ಮ ಜೀಪಿನ ‘ಹೈ ಬಾನೆಟ್’ ಇದೆಯಲ್ಲ, ಅದು ಎತ್ತರವಾದುದೇಕೆ? ಯುದ್ಧಕಾಲದ ಜೀಪಿನಲ್ಲಿ ಎರಡು ಕವಾಟಗಳೂ ಸಿಲಿಂಡರಿನ ಪಕ್ಕದಲ್ಲಿದ್ದುವು. ಹರಿಕೇನಿನಲ್ಲಿ ಒಳಕ್ಕೆಳೆಯುವ ಕವಾಟವನ್ನು ತಲೆಯ ಮೇಲಕ್ಕೆ ಒಯ್ದರು, ಎಂಜಿನು ಎತ್ತರವಾಯಿತು, ಹಳೆಯ ಒಡಲಿನಲ್ಲಿ ಹಿಡಿಸಲಿಲ್ಲ. 1953ರಲ್ಲಿ ವಿಲಿಸ್ ಕಂಪೆನಿಯವರು ಅದೇ ಒಡಲಿನ ಮುಚ್ಚಳವನ್ನು ಮಾತ್ರ ಎತ್ತರಿಸಿ ಈ ಜಾತಿಯನ್ನು ಹೊರತಂದರು. ಎಂದರೆ ಅಣ್ಣನ ಜೀಪು ಹುಟ್ಟಿದುದೇ ಒಬ್ಬರ ಎಂಜಿನನ್ನು ಇನ್ನೊಬ್ಬರ ಒಡಲಿಗೆ ಹಾಕಿದುದರಿಂದ. ಇದನ್ನು ಅತ್ತಿಗೆಗೆ ಹೇಳಲು ಓಡಿದೆನು. ಅವರು ಅವರೆಕಾಯಿ ಬಿಡಿಸುತ್ತ, “ಹಾಗಾದರೆ ಅವತ್ತೂ ಯಾರೋ ಒಬ್ಬಳು ಕೂತು ಅತ್ತಿರಬೇಕು,” ಎಂದರು.

ಹಳೆಯ ಎಂಜಿನನ್ನು ಮಾರಲಿಲ್ಲ. ಆಲೆಮನೆಯ ಮೂಲೆಯಲ್ಲಿ, ಇಟ್ಟಿಗೆಗಳ ಮೇಲೆ, ಗೋಣಿ ಹೊದ್ದು ಕುಳಿತಿತ್ತು. ಅಣ್ಣನ ಮಗನು ವರ್ಷಕ್ಕೆರಡು ಸಲ ಪ್ಲಗ್ಗು ಬಿಚ್ಚಿ ಸಿಲಿಂಡರುಗಳೊಳಗೆ ಎಣ್ಣೆ ಹನಿಸಿ, ಹಿಡಿಯಿಂದ ಎರಡು ಸುತ್ತು ತಿರುಗಿಸಿಡುತ್ತಿದ್ದನು. ಆಚಾರ್ಯರ ದೇಹವನ್ನು ಶಿಷ್ಯರು ಗುಹೆಯಲ್ಲಿ ಕಾದಂತೆ, ಎಂದು ನಾನು ಹೇಳಿದರೆ ಅವನು ನಗುತ್ತಿದ್ದನು. ಹಾಗೆ ಇಪ್ಪತ್ತೆರಡು ವರ್ಷ ಕಳೆಯಿತು.

2016ರಲ್ಲಿ ಕೊಡಗಿನ ಕಡೆಯ ಕಾಫಿ ಬೆಳೆಗಾರರೊಬ್ಬರು ಯಾರೋ ಹೇಳಿದರೆಂದು ಹುಡುಕಿಕೊಂಡು ಬಂದರು. ಅವರ ತಂದೆಯೂ ನಮ್ಮಂತೆಯೇ ಜೀಪಿಗೆ ಡೀಸೆಲ್ ಎಂಜಿನು ಹಾಕಿಸಿದ್ದರಂತೆ. ಈಗ ಇವರಿಗೆ ಅದನ್ನು ಕಿತ್ತು, ಜೀಪನ್ನು ಹುಟ್ಟಿದಂತೆ ಮಾಡಬೇಕೆಂಬ ಆಸೆ. ನಮ್ಮ ಹರಿಕೇನು ಬೇಕು. ಒಳ್ಳೆಯ ಬೆಲೆಯನ್ನೇ ಹೇಳಿದರು. ನಾವೆಲ್ಲರೂ ಅತ್ತಿಗೆಯ ಮುಖ ನೋಡಿದೆವು. ಅವರು, “ಕೊಡಿ. ದುಡ್ಡು ತಕೊಂಡೇ ಕೊಡಿ, ದಾನ ಅಂದರೆ ಋಣ ಉಳಿಯುತ್ತೆ. ಹೋಗೋಕೆ ಮುಂಚೆ ಒಂದು ಸಲ ಶುರು ಮಾಡಿ, ಕೇಳ್ತೀನಿ,” ಎಂದರು.

ಮೇಸ್ತ್ರಿ ಸಾಹೇಬರು ಆ ವೇಳೆಗೆ ಇರಲಿಲ್ಲ. ಅವರ ಮಗ ಬಂದನು. ಕಾರ್ಬೊರೇಟರನ್ನು ತೊಳೆದು, ಮೇಲೆ ಒಂದು ಪೆಟ್ರೋಲ್ ಡಬ್ಬಿ ತೂಗುಹಾಕಿ, ನೀರಿಗೆ ಬಕೆಟ್ಟಿನಿಂದ ಕೊಳವೆ ಕೊಟ್ಟನು. ಅತ್ತಿಗೆಯನ್ನು ಆಲೆಮನೆಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಿದೆವು. ಎಂಜಿನು ಬೆಳಗಿನಿಂದ ಮಧ್ಯಾಹ್ನದವರೆಗೆ ಏಳಲಿಲ್ಲ. ಎದ್ದಾಗ ಕೊಪ್ಪರಿಗೆಯ ಮೇಲಿದ್ದ ತಗಡುಗಳೆಲ್ಲ ಅದುರುವಂತೆ ಗರ್ಜಿಸಿ ನೀಲಿಯ ಹೊಗೆಯುಗುಳಿತು. ಕಿವಿಯ ಮೇಲೆ ಕೈಯಿಟ್ಟುಕೊಂಡು ನಾವು ಅತ್ತಿಗೆಯನ್ನು ನೋಡಿದೆವು. ಅವರು ಸ್ವಲ್ಪ ಹೊತ್ತು ಕೇಳಿ, ನನ್ನನ್ನು ಕೈಸನ್ನೆಯಿಂದ ಕರೆದು, “ಇದು ಅದಲ್ಲ ಕಣಪ್ಪ,” ಎಂದರು.

ಸೈಲೆನ್ಸರು ಇರಲಿಲ್ಲ. ಹೊಗೆಯ ಕೊಳವೆಯಿರಲಿಲ್ಲ. ತಗಡಿನ ಒಡಲು, ಮರದ ಸೀಟು, ಕೆಳಗೆ ಕೆಸರಿನ ದಾರಿ, ಯಾವುದೂ ಇರಲಿಲ್ಲ. ಮರುದಿನ ಕೊಡಗಿನವರು ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದರು.

ಒಂದು ವಾರದ ಮೇಲಿರಬೇಕು. ಸಂಜೆ ನಾನು ಅಣ್ಣನ ಮನೆಯ ಜಗಲಿಯ ಮೇಲೆ ಕುಳಿತು ಪತ್ರಿಕೆ ನೋಡುತ್ತಿದ್ದೆನು. ಬೀದಿಯಲ್ಲಿ ಟ್ರ್ಯಾಕ್ಟರು, ಆಟೋ, ಲಾರಿ, ಎಲ್ಲದರ ಸದ್ದೂ ಒಂದರೊಳಗೊಂದು ಸೇರಿತ್ತು. ಡೀಸೆಲ್ ಎಂಜಿನುಗಳಲ್ಲಿ ನಮ್ಮದು ಯಾವುದೆಂದು ನನಗಂತೂ ತಿಳಿಯುತ್ತಿರಲಿಲ್ಲ. ಒಳಗಿನಿಂದ ಅತ್ತಿಗೆ ಸೊಸೆಗೆ, “ಕಾಫಿಗಿಡಮ್ಮ, ಬಂದ,” ಎಂದರು. ಜೀಪು ಇನ್ನೂ ಗುಡಿಯ ತಿರುವಿನಲ್ಲಿತ್ತು. ಹೇಗೆ ಗೊತ್ತಾಯಿತೆಂದು ಕೇಳಿದೆನು.

“ಆ ಹಸೂನ ಸರಪಳಿ,” ಎಂದರು. “ಇಷ್ಟು ವರ್ಷ ಆಯ್ತು, ಒಂದು ಕೊಕ್ಕೆ ಹಾಕಿಸಲಿಲ್ಲ ನಿಮ್ಮಣ್ಣ.”